ಕೊರಿಯಾ ಪ್ರವಾಸ: ಮ್ಯೂಸಿಯಂ, ಜಾನಪದ, ಊರಹಬ್ಬ ನೋಡಲು ಎಲ್ಲಿಗೆ ಹೋಗಬೇಕು?

ಹೇಮಾವತಿ_ತೀರ

ಎಲ್ಲರಿಗೂ ನಮಸ್ಕಾರ. ಜೂನ್ ಮಧ್ಯದಲ್ಲಿ ಹೆಂಡತಿ ಮತ್ತು ಅಮ್ಮನ ಜೊತೆ ದಕ್ಷಿಣ ಕೊರಿಯಾಕ್ಕೆ ಹೊರಟಿದ್ದೇನೆ. ವೀಸಾ ಕೈಗೆ ಬಂದಿದೆ. ಟೂರ್ ಸಂಸ್ಥೆಯೊಂದು ಕಳಿಸಿದ ಪಟ್ಟಿ ಮಾತ್ರ ತಲೆ ಕೆಡಿಸಿದೆ: ನಾಮಿ ದ್ವೀಪ, ನಾಮ್ಸಾನ್ ಗೋಪುರ, ಮ್ಯೋಂಗ್‌ದೋಂಗ್ ಅಂಗಡಿ ಬೀದಿ, ಯಾವುದೋ ಧಾರಾವಾಹಿ ಚಿತ್ರೀಕರಣವಾದ ಕೆಫೆ, ಆಮೇಲೆ ಮುಖಕ್ಕೆ ಹಚ್ಚುವ ಕ್ರೀಮಿನ ಮಳಿಗೆ. ಅಮ್ಮ ನಿವೃತ್ತ ಇತಿಹಾಸ ಶಿಕ್ಷಕಿ. ಪಟ್ಟಿ ಓದಿ, "ಇಷ್ಟಕ್ಕೆ ವಿಮಾನ ಏಕೆ ಹತ್ತಬೇಕು, ಬ್ರಿಗೇಡ್ ರಸ್ತೆಗೆ ಬಸ್ಸೇ ಹೋಗುತ್ತದಲ್ಲ" ಎಂದರು.

ನಮಗೆ ಬೇಕಿರುವುದು ಮ್ಯೂಸಿಯಂ, ಹಳೆಯ ಊರು, ಸಾಧ್ಯವಾದರೆ ಒಂದು ನಿಜವಾದ ಊರಹಬ್ಬ. ಆದರೆ ಅಲ್ಲಿ ಕೆಲಸ ಮಾಡಿ ಬಂದ ಸ್ನೇಹಿತನೊಬ್ಬ ಬೇರೆ ರಾಗ ಹಾಡುತ್ತಿದ್ದಾನೆ. ಕೊರಿಯಾದಲ್ಲಿ ಜಾನಪದ ಎನ್ನುವುದೆಲ್ಲ ಪ್ರವಾಸೋದ್ಯಮ ಇಲಾಖೆಯ ವೇಷವಂತೆ, ಬಾಡಿಗೆ ಹಾನ್‌ಬೊಕ್ (ಅವರ ಸಾಂಪ್ರದಾಯಿಕ ಉಡುಗೆ) ತೊಟ್ಟು ಫೋಟೊ ತೆಗೆಸಿಕೊಳ್ಳುವುದೇ ಅವರ ಸಂಸ್ಕೃತಿಯಂತೆ. ಇದು ಎಷ್ಟು ನಿಜ? ಅಮ್ಮನಿಗೆ ಮಂಡಿ ನೋವಿದೆ. ಮೂವರೂ ಸಸ್ಯಾಹಾರಿಗಳು; ಅಮ್ಮ ಈರುಳ್ಳಿ, ಬೆಳ್ಳುಳ್ಳಿಯನ್ನೂ ತಿನ್ನುವುದಿಲ್ಲ. ತಿಳಿದವರು ಹೇಳಿ.

ಕಡಲ_ಹಕ್ಕಿ

ಜೂನ್ ಮಧ್ಯ ಎಂದಿರಾ? ಹಾಗಾದರೆ ಗಾಂಗ್‌ನಂಗ್ ಊರಿನ ದಾನೊ ಹಬ್ಬ. ಮಿಕ್ಕಿದ್ದನ್ನೆಲ್ಲ ಅದರ ಸುತ್ತ ಜೋಡಿಸಿಕೊಳ್ಳಿ. ರಾತ್ರಿ ವಿವರವಾಗಿ ಬರೆಯುತ್ತೇನೆ.

ಉಪ್ಪಿಟ್ಟು_ವಿರೋಧಿ

ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ ಕೊರಿಯಾ! ಅಮ್ಮನವರಿಗೆ ನನ್ನ ಸಾಷ್ಟಾಂಗ ನಮಸ್ಕಾರ. ಅವಲಕ್ಕಿ ಕಟ್ಟಿಕೊಳ್ಳಿ.

ಸುವನ್_ವಾಸಿ

ಕೆಲಸದ ಮೇಲೆ ಸುವನ್‌ನಲ್ಲಿ ನೆಲೆಸಿದ್ದೇನೆ. ಊರಿನಿಂದ ಬಂದವರನ್ನೆಲ್ಲ ಮ್ಯೂಸಿಯಂಗೆ ಎಳೆದುಕೊಂಡು ಹೋಗುವುದು ನನ್ನ ಚಟ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಸೋಲ್ ನಗರದ ಯೋಂಗ್ಸಾನ್‌ನಲ್ಲಿರುವ ರಾಷ್ಟ್ರೀಯ ವಸ್ತುಸಂಗ್ರಹಾಲಯದಿಂದ ಶುರು ಮಾಡಿ. ಕಾಯಂ ಪ್ರದರ್ಶನಕ್ಕೆ ಟಿಕೆಟ್ ಇಲ್ಲ. ಮೆಟ್ರೊದಲ್ಲಿ ಇಚೊನ್ ನಿಲ್ದಾಣದಲ್ಲಿ ಇಳಿದರೆ ಸುರಂಗದಾರಿಯಲ್ಲೇ ಅಂಗಳ ತಲುಪಬಹುದು. ಲಿಫ್ಟ್ ಇದೆ, ಗಾಲಿಕುರ್ಚಿ ಕೊಡುತ್ತಾರೆ. ಅಮ್ಮನವರ ಮಂಡಿಗೆ ತೊಂದರೆಯಿಲ್ಲ. ಬುಧವಾರ ಮತ್ತು ಶನಿವಾರ ರಾತ್ರಿ 9ರವರೆಗೆ ತೆರೆದಿರುತ್ತದೆ. ಸಂಜೆ ಹೋದರೆ ಶಾಲಾ ಮಕ್ಕಳ ಗದ್ದಲ ಇರುವುದಿಲ್ಲ.

ಒಳಗೆ ಹೋದ ಕೂಡಲೇ ಹಜಾರದ ತುದಿಯಲ್ಲಿ ಗ್ಯೋಂಗ್ಚೊನ್ಸಾ ಮಠದ ಹತ್ತಂತಸ್ತಿನ ಅಮೃತಶಿಲೆಯ ಸ್ತೂಪ ಕಾಣುತ್ತದೆ. 1348ರದ್ದು, ಎತ್ತರ ಸುಮಾರು 13.5 ಮೀಟರ್. 1907ರಲ್ಲಿ ಜಪಾನಿನ ಸಚಿವನೊಬ್ಬ ಇಡೀ ಸ್ತೂಪವನ್ನು ಬಿಚ್ಚಿಸಿ ಹಡಗಿಗೆ ಹಾಕಿಸಿದ. ಪತ್ರಿಕೆಗಳಲ್ಲಿ ಗಲಾಟೆ ಎದ್ದು, ವರ್ಷಗಳ ನಂತರ ಕಲ್ಲುಗಳು ಹಿಂತಿರುಗಿದವು. ಅಂತಸ್ತುಗಳ ಮೇಲಿನ ಕೆತ್ತನೆ ನೋಡಲು ಮೂರನೆಯ ಮಹಡಿಯ ಕಟಕಟೆಗೆ ಹೋಗಿ. ಕೆಳಗೆ ನಿಂತು ಕತ್ತು ನೋಯಿಸಿಕೊಳ್ಳುವವರೇ ಹೆಚ್ಚು.

ಎರಡನೆಯದು, ಧ್ಯಾನಮಗ್ನ ಬೋಧಿಸತ್ವರ ಕೋಣೆ. ಒಂದು ಕಾಲನ್ನು ಇನ್ನೊಂದರ ಮೇಲಿಟ್ಟು, ಕೆನ್ನೆಗೆ ಬೆರಳು ತಾಗಿಸಿ ಕುಳಿತ ಎರಡು ಕಂಚಿನ ವಿಗ್ರಹಗಳು. ಹಿಂದೆ ಒಂದೊಂದನ್ನೇ ಸರದಿಯಲ್ಲಿ ಇಡುತ್ತಿದ್ದರು, 2021ರ ನವೆಂಬರ್‌ನಿಂದ ಎರಡನ್ನೂ ಒಟ್ಟಿಗೆ ಇಟ್ಟಿದ್ದಾರೆ. ಗೋಡೆ, ನೆಲ ಕೂಡ ತುಸು ವಾಲಿದಂತೆ ಕಟ್ಟಿದ ಕತ್ತಲ ಕೋಣೆ. ವಿವರಣೆಯ ಫಲಕಗಳ ಕಾಟವಿಲ್ಲ.

ಮೂರನೆಯದು, ಇತಿಹಾಸ ಶಿಕ್ಷಕಿಗೆ ಹೇಳಿ ಮಾಡಿಸಿದ್ದು: ಉಯ್‌ಗ್ವೆ. ಜೊಸೊನ್ ರಾಜವಂಶದ ಅರಮನೆಯಲ್ಲಿ ಮದುವೆ, ಶವಸಂಸ್ಕಾರ, ಔತಣ ಏನೇ ನಡೆದರೂ ಯಾರು ಎಲ್ಲಿ ನಿಂತರು, ಎಷ್ಟು ಖರ್ಚಾಯಿತು ಎಂದು ಚಿತ್ರಸಹಿತ ಬರೆದಿಟ್ಟ ಕಡತಗಳು. 1866ರಲ್ಲಿ ಫ್ರೆಂಚ್ ನೌಕಾಪಡೆ ಗಾಂಗ್ಹ್ವಾ ದ್ವೀಪದಿಂದ ಇವನ್ನು ಹೊತ್ತೊಯ್ದಿತ್ತು. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದ ಪಾರ್ಕ್ ಬ್ಯೊಂಗ್-ಸೊನ್ ಎಂಬ ಕೊರಿಯನ್ ಮಹಿಳೆ 1975ರಲ್ಲಿ ಇವನ್ನು ಪತ್ತೆ ಹಚ್ಚಿದರು. 2011ರಲ್ಲಿ 297 ಸಂಪುಟಗಳು ಮರಳಿದವು. ಮರಳಿದ್ದು ಹೇಗೆ ಗೊತ್ತೇ? ಐದು ವರ್ಷಕ್ಕೊಮ್ಮೆ ನವೀಕರಿಸಬೇಕಾದ ಎರವಲಾಗಿ!

ಸಂದೇಹಿ_ಶಾಸ್ತ್ರಿ

ಕದ್ದ ಮಾಲನ್ನು ಎರವಲು ಕೊಡುವುದು! ಈ ಕಲೆಯಲ್ಲಿ ಯುರೋಪಿಗೆ ಸರಿಸಾಟಿಯಿಲ್ಲ.

ಜಾನಪದ_ಜೋಳಿಗೆ

ಸುವನ್_ವಾಸಿ ಅವರೇ, ಆ ಮ್ಯೂಸಿಯಂ ಈಗಿನ ಕಟ್ಟಡಕ್ಕೆ ಬಂದದ್ದು 2005ರಲ್ಲಿ. ಅದಕ್ಕೂ ಹಿಂದಿನ ಕಥೆಯನ್ನು ಬಿಟ್ಟಿರಲ್ಲ. ಜಪಾನಿಯರು ಗ್ಯೋಂಗ್ಬೊಕ್‌ಗುಂಗ್ ಅರಮನೆಯ ಎದೆಯ ಮೇಲೆಯೇ ತಮ್ಮ ಗವರ್ನರ್ ಜನರಲ್ ಕಚೇರಿ ಕಟ್ಟಿದರು, 1926ರಲ್ಲಿ ಮುಗಿಯಿತು. ಸ್ವಾತಂತ್ರ್ಯದ ನಂತರ ಅದು ಸರ್ಕಾರಿ ಕಚೇರಿಯಾಗಿ, 1986ರಿಂದ ರಾಷ್ಟ್ರೀಯ ಮ್ಯೂಸಿಯಂ ಆಗಿತ್ತು! ಆಮೇಲೆ 1995ರ ಆಗಸ್ಟ್ 15ರಂದು, ವಿಮೋಚನೆಯ ಐವತ್ತನೆಯ ವರ್ಷಕ್ಕೆ, ಕೆಡವಲು ಶುರು ಮಾಡಿದರು. ಅದರ ಶಿಖರವನ್ನು ಚೊನಾನ್ ಊರಿನ ಸ್ವಾತಂತ್ರ್ಯ ಭವನದ ಆವರಣದಲ್ಲಿ, ಬೇಕೆಂದೇ ನೆಲಮಟ್ಟಕ್ಕಿಂತ ಕೆಳಗೆ ಇಟ್ಟಿದ್ದಾರೆ. ನೋಡುವವರು ಅದನ್ನು ತಲೆ ತಗ್ಗಿಸಿಯೇ ನೋಡಬೇಕು.

ಕ್ಯಾಮೆರಾ_ಕಣ್ಣು

ಕೆಡವಿದ್ದು ತಪ್ಪು ಎನ್ನುವವನು ನಾನು. ಒಳ್ಳೆಯ ಕಲ್ಲಿನ ಕಟ್ಟಡ. ನಮ್ಮ ಅಠಾರಾ ಕಚೇರಿಯನ್ನೂ ಕೆಡವಲು ಹೊರಟಿದ್ದರು, ಜನ ಉಳಿಸಿಕೊಂಡರು. ಈಗ ಹೈಕೋರ್ಟ್ ಅಲ್ಲೇ ಇಲ್ಲವೇ?

ಸುವನ್_ವಾಸಿ

ಅಠಾರಾ ಕಚೇರಿಯನ್ನು ಯಾರೂ ಮೈಸೂರು ಅರಮನೆಯ ಬಾಗಿಲಿಗೆ ಅಡ್ಡವಾಗಿ ಕಟ್ಟಿರಲಿಲ್ಲ, ಸ್ವಾಮಿ.

ಹೇಮಾವತಿ_ತೀರ

ಅಮ್ಮನಿಗೆ ಇದನ್ನೆಲ್ಲ ಓದಿ ಹೇಳುತ್ತಿದ್ದೇನೆ. ಉಯ್‌ಗ್ವೆ ಕಡತಗಳ ವಿಷಯ ಬಂದಾಗ ಕನ್ನಡಕ ಹಾಕಿಕೊಂಡು ತಾವೇ ಮೊಬೈಲ್ ತೆಗೆದುಕೊಂಡರು. ಕಡಲ_ಹಕ್ಕಿ ಅವರೇ, ದಾನೊ ಹಬ್ಬದ ಬಗ್ಗೆ ಕಾಯುತ್ತಿದ್ದೇವೆ.

ಕಡಲ_ಹಕ್ಕಿ

ಬಂದೆ. ಗಾಂಗ್‌ನಂಗ್ ಪೂರ್ವ ಕರಾವಳಿಯ ಊರು. 2018ರ ಚಳಿಗಾಲದ ಒಲಿಂಪಿಕ್ಸ್‌ಗೆಂದು ವೇಗದ ರೈಲು ಬಂದ ಮೇಲೆ ಸೋಲ್‌ನಿಂದ ಎರಡು ಗಂಟೆಯ ಹಾದಿ. ಹಬ್ಬ ನಡೆಯುವುದು ನಾಮ್ದೆಚೊನ್ ಹೊಳೆಯ ದಂಡೆಯಲ್ಲಿ. ಐದನೆಯ ಚಾಂದ್ರಮಾಸದ ಐದನೆಯ ದಿನ ದಾನೊ. ಅದರ ಆಚೀಚೆ ಸೇರಿ ಒಂದು ವಾರಕ್ಕೂ ಹೆಚ್ಚು ಕಾಲ ಜಾತ್ರೆ.

ಆದರೆ ಹಬ್ಬ ಶುರುವಾಗುವುದು ಒಂದು ತಿಂಗಳು ಮೊದಲೇ. ನಾಲ್ಕನೆಯ ಮಾಸದ ಐದರಂದು ದೇವರಿಗೆ ಅಕ್ಕಿಯ ಮದ್ಯ ಹುದುಗು ಹಾಕುತ್ತಾರೆ. ಅದಕ್ಕೆ ಊರಿನ ಜನ ಮನೆಯಿಂದ ಅಕ್ಕಿ ತಂದು ಕೊಡುತ್ತಾರೆ. ಹದಿನೈದರಂದು ದೇಗ್ವಾಲ್ಯೊಂಗ್ ಘಟ್ಟ ಹತ್ತಿ, ದೇವರು ಮೈದುಂಬಿದ ಮರವನ್ನು ಗುರುತಿಸಿ, ಅದರ ಕೊಂಬೆಯನ್ನು ಊರಿಗೆ ಇಳಿಸುತ್ತಾರೆ. ಆ ದೇವರು ಯಾರು ಎಂದರೆ ಬೊಮಿಲ್, ಒಂಬತ್ತನೆಯ ಶತಮಾನದ ಬೌದ್ಧ ಭಿಕ್ಷು! ಅವನಿಗೆ ಊರಿನಲ್ಲಿ ಹೆಂಡತಿಯ ಗುಡಿ ಇದೆ. ಜೊಂಗ್ ಮನೆತನದ ಹುಡುಗಿಯನ್ನು ಹುಲಿ ಹೊತ್ತೊಯ್ದು ಅವನಿಗೆ ಮದುವೆ ಮಾಡಿಸಿತು ಎಂಬುದು ಕಥೆ. ಕೊಂಬೆ ಮೊದಲು ಆ ಗುಡಿಯಲ್ಲಿ ತಂಗಿ, ಐದನೆಯ ಮಾಸದ ಮೂರರ ಸಂಜೆ ದೀಪಗಳ ಮೆರವಣಿಗೆಯಲ್ಲಿ ಹೊಳೆದಂಡೆಗೆ ಬರುತ್ತದೆ. ಬೌದ್ಧ ಭಿಕ್ಷುವಿಗೆ ಬೆಳಿಗ್ಗೆ ಕನ್ಫ್ಯೂಷಿಯನ್ ಕ್ರಮದಲ್ಲಿ ಟೋಪಿ ಧರಿಸಿದ ಹಿರಿಯರಿಂದ ಪೂಜೆ, ಹಗಲಿಡೀ ಮುದಾಂಗ್, ಅಂದರೆ ದೈವವನ್ನು ಆವಾಹಿಸುವ ಹೆಂಗಸರ ಕುಣಿತ, ಹಾಡು. ಯಾರಿಗೂ ಇದು ವಿಚಿತ್ರ ಎನಿಸುವುದಿಲ್ಲ.

ನೀವು ಆ ಮುದಾಂಗ್‌ಗಳ ಡೇರೆಯಲ್ಲಿ ಕೂರಬೇಕು. ಪ್ರವಾಸಿಗಳು ಹೊರಗೆ ಕುಸ್ತಿ, ಜೋಕಾಲಿ ನೋಡುತ್ತಾ ಅಡ್ಡಾಡುತ್ತಿರುತ್ತಾರೆ. ಡೇರೆಯೊಳಗೆ ಊರಿನ ಅಜ್ಜಿಯರು ಚಾಪೆ ಹಾಸಿ, ಬುತ್ತಿ ಬಿಚ್ಚಿಕೊಂಡು, ಮಧ್ಯೆ ಮಧ್ಯೆ ಎದ್ದು ಹೋಗಿ ನೋಟು ಅರ್ಪಿಸಿ, ಕಣ್ಣೊರೆಸಿಕೊಂಡು ಬಂದು ಕೂರುತ್ತಾರೆ. ಒಬ್ಬ ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿ, ಅಕ್ಕಿಯ ಕಡುಬಿನಂಥದ್ದನ್ನು ಕೈಗೆ ಹಾಕಿ, ಮಗನ ಫೋಟೊ ತೋರಿಸಿದರು. ಭಾಷೆ ಗೊತ್ತಿಲ್ಲದಿದ್ದರೂ ಸಂಬಂಧ ಕುದುರಿಸುತ್ತಿದ್ದಾರೆಂದು ತಿಳಿಯಿತು. ಇದು ಇಲಾಖೆಯ ವೇಷವಲ್ಲ.

ಇನ್ನೊಂದು: ಹೆಂಗಸರು ಚಾಂಗ್ಪೊ ಕುದಿಸಿದ ನೀರಿನಲ್ಲಿ ತಲೆ ತೊಳೆದುಕೊಳ್ಳುತ್ತಾರೆ. ಬಂದವರಿಗೂ ಬೋಗುಣಿಯಲ್ಲಿ ಕೊಡುತ್ತಾರೆ. ಆ ಚಾಂಗ್ಪೊ ಬೇರೇನೂ ಅಲ್ಲ, ನಾವು ಮಕ್ಕಳಿಗೆ ತೇಯ್ದು ನೆಕ್ಕಿಸುವ ಬಜೆ.

ಉಪ್ಪಿಟ್ಟು_ವಿರೋಧಿ

ಬಜೆಯೇ? ಐರಿಸ್ ಹೂವಿನ ಗಿಡ ಎಂದು ಎಲ್ಲೋ ಓದಿದ್ದೆ.

ಜಾನಪದ_ಜೋಳಿಗೆ

ಇಂಗ್ಲಿಷ್ ಕೈಪಿಡಿಗಳು ಮಾಡುವ ಎಡವಟ್ಟು ಅದು. ಐರಿಸ್ ಬೇರೆ ಗಿಡ, ಕೊರಿಯನ್ನರು ಅದನ್ನು ಕ್ಕೊತ್‌ಚಾಂಗ್ಪೊ ಎನ್ನುತ್ತಾರೆ. ತಲೆಗೆ ಬಳಸುವುದು ಬಜೆಯನ್ನೇ. ವಾಸನೆ ಹಿಡಿದರೆ ನಮ್ಮವರಿಗೆ ತಕ್ಷಣ ಗೊತ್ತಾಗುತ್ತದೆ.

ಸಂದೇಹಿ_ಶಾಸ್ತ್ರಿ

ಎಲ್ಲರೂ ಭಾವುಕರಾಗುತ್ತಿದ್ದೀರಿ, ಸ್ವಲ್ಪ ತಣ್ಣೀರು ಎರಚುತ್ತೇನೆ. ಹೇಮಾವತಿ_ತೀರ ಅವರ ಸ್ನೇಹಿತ ಹೇಳಿದ್ದರಲ್ಲಿ ಸತ್ಯವಿದೆ. ಕೊರಿಯಾದ "ಪರಂಪರೆ" 1962ರ ಸಾಂಸ್ಕೃತಿಕ ಆಸ್ತಿ ಸಂರಕ್ಷಣಾ ಕಾನೂನಿನ ಕೂಸು. ಸರ್ಕಾರ ಒಂದು ಕಲೆಗೆ ಕ್ರಮಸಂಖ್ಯೆ ಕೊಡುತ್ತಿತ್ತು (2021ರಲ್ಲಿ ಸಂಖ್ಯೆ ಕೈಬಿಟ್ಟರು), ಒಬ್ಬರನ್ನು ಅದರ ಅಧಿಕೃತ ವಾರಸುದಾರರೆಂದು ಘೋಷಿಸಿ ತಿಂಗಳ ಗೌರವಧನ ಕೊಡುತ್ತದೆ. 2016ರಲ್ಲಿ ಹೊಸ ಕಾನೂನು ಬರುವವರೆಗೂ ಆ ಕಲೆ ತನ್ನ ಮೂಲ ರೂಪವನ್ನು ಬದಲಿಸುವಂತಿರಲಿಲ್ಲ. ಹಾಹ್ವೆ ಹಳ್ಳಿಯ ಮುಖವಾಡದ ಆಟವನ್ನೇ ನೋಡಿ. ಊರಿನವರು ಅದನ್ನು ಕೊನೆಯ ಬಾರಿ ಆಡಿದ್ದು 1928ರಲ್ಲಿ. ಅರ್ಧ ಶತಮಾನ ಸತ್ತಿದ್ದನ್ನು ಎಬ್ಬಿಸಿ 1980ರಲ್ಲಿ ಸಂಖ್ಯೆ ಕೊಟ್ಟರು. ಹಿಂದೆ ಸುಮಾರು ಹತ್ತು ವರ್ಷಕ್ಕೊಮ್ಮೆ ದೇವರ ಹೆಸರಿನಲ್ಲಿ ಆಡುತ್ತಿದ್ದ ಆಟ ಈಗ ವಾರಕ್ಕೆ ಹಲವು ಬಾರಿ, ಮಧ್ಯಾಹ್ನದ ಊಟವಾದ ಮೇಲೆ, ಬಸ್ಸಿನಲ್ಲಿ ಬಂದವರಿಗಾಗಿ. ಗಾಂಗ್‌ನಂಗ್‌ನ ಮೂಕ ಮುಖವಾಡದ ಆಟವೂ ಜಪಾನಿಯರ ಕಾಲದಲ್ಲಿ ನಿಂತು, 1960ರ ದಶಕದಲ್ಲಿ ಮುದುಕರ ನೆನಪಿನಿಂದ ಹೊಲಿದು ಎಬ್ಬಿಸಿದ್ದು.

ಬೊರ್ಯೊಂಗ್ ಕೆಸರಿನ ಹಬ್ಬವೋ, ಕೇಳಲೇಬೇಡಿ. ಕೆಸರಿನ ಸೌಂದರ್ಯವರ್ಧಕ ಮಾರಲು 1998ರಲ್ಲಿ ಶುರು ಮಾಡಿದ್ದು.

ಜಾನಪದ_ಜೋಳಿಗೆ

ಶಾಸ್ತ್ರಿಗಳೇ, ಅರ್ಧ ಕಥೆ ಹೇಳಿ ತೀರ್ಪು ಕೊಟ್ಟಿರಿ. ಆ ಕಲೆಗಳು ತಾವಾಗಿಯೇ ಸತ್ತವೇ? ಮೊದಲು ಜಪಾನಿ ಆಳ್ವಿಕೆ, ಆಮೇಲೆ ಯುದ್ಧ. ಅದಾದ ಮೇಲೆ 1970ರಲ್ಲಿ ಶುರುವಾದ ಸೆಮಾಉಲ್ ಉಂದೋಂಗ್, ಅಂದರೆ ಹೊಸ ಹಳ್ಳಿ ಚಳವಳಿ. ಹುಲ್ಲಿನ ಮಾಡು ಕಿತ್ತು ಸ್ಲೇಟು, ತಗಡು ಹಾಕಿಸಿದರು, ರಸ್ತೆ ಅಗಲ ಮಾಡಿದರು. ಅದೇ ಭರದಲ್ಲಿ ಮೂಢನಂಬಿಕೆ ನಿರ್ಮೂಲನೆ ಎಂದು ಊರ ಗುಡಿಗಳನ್ನು ಕೆಡವಿದರು, ಮುದಾಂಗ್‌ಗಳ ಮೇಲೆ ಪೊಲೀಸರನ್ನು ಬಿಟ್ಟರು. ತಮಾಷೆ ಏನೆಂದರೆ 1962ರ ಕಾನೂನು ಮಾಡಿದ್ದೂ, ಈ ಚಳವಳಿ ನಡೆಸಿದ್ದೂ ಅಂದಿನ ಸೇನಾ ಹಿನ್ನೆಲೆಯ ಆಡಳಿತಗಾರ ಪಾರ್ಕ್ ಚುಂಗ್-ಹೀ ಅವರ ಸರ್ಕಾರವೇ! ಒಂದು ಕೈ ಸಂಖ್ಯೆ ಕೊಡುತ್ತಿತ್ತು, ಇನ್ನೊಂದು ಕೈ ಸಲಾಕೆ ಹಿಡಿದಿತ್ತು. ಸಂಖ್ಯೆ ಸಿಕ್ಕವರು ಸಲಾಕೆಯಿಂದ ತಪ್ಪಿಸಿಕೊಂಡರು. ಗಾಂಗ್‌ನಂಗ್ ಹಬ್ಬಕ್ಕೆ 1967ರಲ್ಲಿ ಮಾನ್ಯತೆ ಸಿಗದಿದ್ದರೆ ಕಡಲ_ಹಕ್ಕಿ ಅವರಿಗೆ ಆ ಡೇರೆಯೂ ಇರುತ್ತಿರಲಿಲ್ಲ, ಸಂಬಂಧ ಕುದುರಿಸುವ ಅಜ್ಜಿಯೂ ಇರುತ್ತಿರಲಿಲ್ಲ.

ಇನ್ನು ಹಾಹ್ವೆ. ಅಲ್ಲಿನ ಆಟ ಊಟವಾದ ಮೇಲೆ ಬಸ್ಸಿನವರಿಗಾಗಿ ನಡೆಯುತ್ತದೆ, ಒಪ್ಪಿದೆ. ಆದರೆ ಆಟದೊಳಗೆ ಏನಿದೆ ನೋಡಿ. ಕಟುಕ ಹೋರಿಯನ್ನು ಕಡಿದು, ಅದರ ವೃಷಣವನ್ನು ಮಾರಲು ತರುತ್ತಾನೆ. ಗಂಡಸುತನಕ್ಕೆ ಒಳ್ಳೆಯದು ಎಂದ ಕೂಡಲೇ ಜಮೀನ್ದಾರ ಮತ್ತು ಪಂಡಿತ ಇಬ್ಬರೂ ಮಾನ ಬಿಟ್ಟು ಕಿತ್ತಾಡುತ್ತಾರೆ. ಸನ್ಯಾಸಿ ಹೆಣ್ಣಿನ ಹಿಂದೆ ಓಡುತ್ತಾನೆ. ಇದು ನಡೆದದ್ದು ರ್ಯು ಮನೆತನದ ಊರಿನಲ್ಲಿ, ಅವರದೇ ಪೋಷಣೆಯಲ್ಲಿ! ಆಡುವವರು ಅವರ ಕೈಕೆಳಗಿನ ಜನ. ಮುಖವಾಡಗಳ ಕೆಲಸವಂತೂ ಅದ್ಭುತ. ಕೆಲವುಗಳ ದವಡೆ ಬೇರೆ ತುಂಡು, ದಾರದಿಂದ ಕಟ್ಟಿರುತ್ತಾರೆ. ತಲೆ ಹಿಂದಕ್ಕೆ ಎತ್ತಿದರೆ ಮುಖವಾಡ ನಗುತ್ತದೆ, ಬಗ್ಗಿಸಿದರೆ ಸಿಟ್ಟಾಗುತ್ತದೆ. ಇಮೆ ಎಂಬ ಪೆದ್ದನಿಗೆ ಮಾತ್ರ ಗದ್ದವೇ ಇಲ್ಲ. ಹೊ ಎಂಬ ತರುಣ ದೇವರ ಅಪ್ಪಣೆಯಂತೆ ಯಾರಿಗೂ ಮುಖ ತೋರಿಸದೆ ಕೆತ್ತುತ್ತಿದ್ದನಂತೆ. ಅವನನ್ನು ಪ್ರೀತಿಸಿದ ಹುಡುಗಿ ತಡೆಯಲಾರದೆ ಕಿಂಡಿಯಿಂದ ಇಣುಕಿದಳು, ಅವನು ರಕ್ತ ಕಾರಿ ಸತ್ತ, ಇಮೆಯ ಗದ್ದ ಹಾಗೆಯೇ ಉಳಿಯಿತು.

ಬೊರ್ಯೊಂಗ್ ಬಗ್ಗೆ ನನಗೆ ತಕರಾರೇ ಇಲ್ಲ. ಅವರು ಪುರಾತನ ಎಂದು ಎಂದಾದರೂ ಹೇಳಿದ್ದಾರೆಯೇ? ಕೆಸರು, ಹುಡುಗರು, ಕಡಲತೀರ. ಪ್ರಾಮಾಣಿಕ ವ್ಯಾಪಾರ.

ಕ್ಯಾಮೆರಾ_ಕಣ್ಣು

ಜೋಳಿಗೆ ಮೇಡಂಗೆ ಒಂದು ಚಪ್ಪಾಳೆ.

ಸಂದೇಹಿ_ಶಾಸ್ತ್ರಿ

ಚಪ್ಪಾಳೆ ನನ್ನದೂ ಇರಲಿ. ಆದರೂ ಗೌರವಧನದ ಕಲೆ ಬದಲಾಗುವುದಿಲ್ಲ ಎಂಬ ಮಾತಿಗೆ ಉತ್ತರ ಬರಲಿಲ್ಲ.

ಕಡಲ_ಹಕ್ಕಿ

ಉತ್ತರ ಇಲ್ಲಿದೆ. ಹಾಹ್ವೆಯಲ್ಲಿ ಪೆದ್ದ ಇಮೆಯ ಪಾತ್ರಧಾರಿ ಪ್ರೇಕ್ಷಕರ ಮಧ್ಯೆ ನುಗ್ಗಿ, ಸಿಕ್ಕವರನ್ನು ಎಳೆದು ತಂದು ಕುಣಿಸಿದ. ಅವನ ಮಾತಿಗೆ ಕೊರಿಯನ್ನರು ಬಿದ್ದು ಬಿದ್ದು ನಗುತ್ತಿದ್ದರು. ಪಕ್ಕದಲ್ಲಿದ್ದವರನ್ನು ಕೇಳಿದರೆ, ಆ ವಾರದ ರಾಜಕೀಯದ ಸುದ್ದಿಯಂತೆ. ಕಾನೂನು ಹೆಜ್ಜೆಯನ್ನು ಕಟ್ಟಿಹಾಕಬಹುದು, ನಾಲಿಗೆಯನ್ನಲ್ಲ.

ಸರಯೂ

ಭಾರತ ಮತ್ತು ಕೊರಿಯಾಕ್ಕೆ ರಕ್ತಸಂಬಂಧವೇ ಇದೆ, ಅದನ್ನು ಯಾರೂ ಹೇಳಲಿಲ್ಲ. ಕ್ರಿ.ಶ. 48ರಲ್ಲಿ ಅಯೋಧ್ಯೆಯ ರಾಜಕುಮಾರಿ ಹಡಗಿನಲ್ಲಿ ಹೋಗಿ ಗಾಯಾ ರಾಜ್ಯದ ಸುರೊ ರಾಜನನ್ನು ಮದುವೆಯಾದಳು. ಗಿಮ್ಹೆ ಊರಿನಲ್ಲಿ ಅವಳ ಸಮಾಧಿ ಇದೆ, ಹಡಗಿನಲ್ಲಿ ತಂದ ಕಲ್ಲಿನ ಸ್ತೂಪವೂ ಇದೆ. ಅಮ್ಮನವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ.

ಸಂದೇಹಿ_ಶಾಸ್ತ್ರಿ

ಬಂತು ನೋಡಿ! ಆ ಕಥೆ ಇರುವುದು "ಸಾಮ್ಗುಕ್ ಯುಸಾ" ಗ್ರಂಥದಲ್ಲಿ. ಇರ್ಯೊನ್ ಎಂಬ ಭಿಕ್ಷು ಅದನ್ನು ಸಂಕಲಿಸಿದ್ದು 13ನೆಯ ಶತಮಾನದಲ್ಲಿ, ಅಂದರೆ ಮದುವೆಯಾಗಿ ಸಾವಿರದ ಇನ್ನೂರು ವರ್ಷಗಳ ಮೇಲೆ. ಅದರಲ್ಲಿರುವುದು "ಆಯುತ" ದೇಶ, ಅಷ್ಟೇ. ಕ್ರಿ.ಶ. ಮೊದಲ ಶತಮಾನದಲ್ಲಿ ಅಯೋಧ್ಯೆ ಹೆಚ್ಚಾಗಿ ಸಾಕೇತ ಎಂದೇ ಪರಿಚಿತ. ತಮಿಳರು ಅವಳು ನಮ್ಮ ಆಯ್ ರಾಜ್ಯದವಳು ಎನ್ನುತ್ತಾರೆ. ಇನ್ನು ಕನ್ನಡದವರೂ ಒಂದು ಊರು ಹುಡುಕಿ ಕೊಟ್ಟರೆ ಸರಿಹೋಯಿತು.

ಸರಯೂ

2001ರಲ್ಲಿ ಅಯೋಧ್ಯೆಯಲ್ಲಿ ಕೊರಿಯನ್ನರೇ ಬಂದು ಸ್ಮಾರಕ ಕಟ್ಟಿದ್ದಾರೆ. ಗಿಮ್ಹೆ ಕಿಮ್ ಮನೆತನದವರು ಇಂದಿಗೂ ಅವಳನ್ನು ತಾಯಿ ಎನ್ನುತ್ತಾರೆ. ಲಕ್ಷಾಂತರ ಜನರ ನಂಬಿಕೆಯನ್ನು ಹೀಗೆ ತಳ್ಳಿಹಾಕಬೇಡಿ.

ಜಾನಪದ_ಜೋಳಿಗೆ

ಇಬ್ಬರೂ ಸ್ವಲ್ಪ ನಿಲ್ಲಿ. ಐತಿಹಾಸಿಕವಾಗಿ ಶಾಸ್ತ್ರಿಗಳು ಹೇಳುವುದೇ ಸರಿ, ಪುರಾವೆ ಇಲ್ಲ. ಆದರೆ ಗಿಮ್ಹೆ ಕಿಮ್ ಮತ್ತು ಗಿಮ್ಹೆ ಹೊ ಮನೆತನಗಳ ನಡುವೆ, ಒಂದೇ ತಾಯಿಯ ಮಕ್ಕಳೆಂದು, ಸಂಪ್ರದಾಯಸ್ಥರು ಮದುವೆ ಸಂಬಂಧ ಬೆಳೆಸುವುದಿಲ್ಲ. ಕಥೆ ಜನರ ಬದುಕನ್ನು ನಡೆಸುತ್ತಿದೆ ಎಂಬುದು ಸತ್ಯ, ಕಥೆ ಸತ್ಯವೇ ಎಂಬುದು ಬೇರೆ ಮಾತು. ಗಿಮ್ಹೆ ರಾಷ್ಟ್ರೀಯ ಮ್ಯೂಸಿಯಂಗೆ ಹೋದರೆ ಗಾಯಾ ರಾಜ್ಯದ ಕಬ್ಬಿಣದ ಕವಚ ನೋಡಿ, ರಾಣಿಗಿಂತ ಅದೇ ಹೆಚ್ಚು ಹೇಳುತ್ತದೆ.

ತಿಥಿವಾರ

ಯಾರೂ ದಿನಾಂಕ ಹೇಳಲಿಲ್ಲ. ದಾನೊ 2024ರಲ್ಲಿ ಜೂನ್ 10, 2025ರಲ್ಲಿ ಮೇ 31, 2026ರಲ್ಲಿ ಜೂನ್ 19. ನಮ್ಮ ಜ್ಯೇಷ್ಠ ಶುದ್ಧ ಪಂಚಮಿಯ ಆಸುಪಾಸು.

ಕ್ಯಾಮೆರಾ_ಕಣ್ಣು

ಹಾಗಾದರೆ ಅವರ ಸುಗ್ಗಿ ಹಬ್ಬ ಚೂಸೋಕ್ ಎಂಟನೆಯ ತಿಂಗಳ ಹುಣ್ಣಿಮೆ, ಅಂದರೆ ಪ್ರತಿ ವರ್ಷ ನಮ್ಮ ಭಾದ್ರಪದ ಹುಣ್ಣಿಮೆ. ಲೆಕ್ಕ ಸುಲಭ.

ತಿಥಿವಾರ

ಪ್ರತಿ ವರ್ಷ ಅಲ್ಲ. ಅವರಿಗೂ ಅಧಿಕಮಾಸ ಇದೆ, ಯುಂದಾಲ್ ಎನ್ನುತ್ತಾರೆ. ಆದರೆ ಅದು ಬೀಳುವ ಜಾಗ ನಮ್ಮದಕ್ಕೆ ಯಾವಾಗಲೂ ಹೊಂದುವುದಿಲ್ಲ. 2025ರಲ್ಲಿ ಅವರಿಗೆ ಆರನೆಯ ತಿಂಗಳು ಎರಡು ಬಾರಿ ಬಂತು, ನಮಗೆ ಅಧಿಕಮಾಸ ಬರುವುದು 2026ರಲ್ಲಿ. ಆದ್ದರಿಂದ 2025ರ ಚೂಸೋಕ್ ಅಕ್ಟೋಬರ್ 6ಕ್ಕೆ ಹೋಗಿ ನಮ್ಮ ಆಶ್ವಯುಜ ಹುಣ್ಣಿಮೆಗೆ ಸೇರಿತು. 2026ರಲ್ಲಿ ಸೆಪ್ಟೆಂಬರ್ 25, ಮತ್ತೆ ಭಾದ್ರಪದದ ಪಕ್ಕಕ್ಕೆ. ನಮ್ಮಲ್ಲಿ ಅಧಿಕಮಾಸದಲ್ಲಿ ಶುಭಕಾರ್ಯ ಬೇಡ ಎನ್ನುತ್ತೇವೆ. ಅವರಲ್ಲಿ ಆ ತಿಂಗಳು ದೈವಗಳ ಕಣ್ಣು ಬೀಳದ ತಿಂಗಳು. ಸಮಾಧಿ ಸ್ಥಳಾಂತರಿಸಲು, ಹಿರಿಯರು ತಮ್ಮ ಶವವಸ್ತ್ರ ಹೊಲಿಸಿಡಲು ಅದೇ ಒಳ್ಳೆಯ ಸಮಯ.

ಉಪ್ಪಿಟ್ಟು_ವಿರೋಧಿ

ಪಂಚಾಂಗ ಸಾಕು, ಊಟಕ್ಕೆ ಬನ್ನಿ. ಕಿಮ್ಚಿ (ಹುಳಿ ಬರಿಸಿದ ಎಲೆಕೋಸಿನ ಉಪ್ಪಿನಕಾಯಿ) ಸಸ್ಯಾಹಾರ ಎಂದು ಯಾರಾದರೂ ಹೇಳಿದರೆ ನಂಬಬೇಡಿ; ಸಾಮಾನ್ಯವಾಗಿ ಉಪ್ಪು ಹಾಕಿದ ಸೀಗಡಿಯೋ ಮೀನಿನ ರಸವೋ ಇರುತ್ತದೆ. ತರಕಾರಿ ಸಾರಿನ ತಳದಲ್ಲಿ ಒಣಮೀನಿನ ನೀರು. ಬಿಬಿಂಬಾಪ್ (ತರಕಾರಿ ಕಲಸಿದ ಅನ್ನ) ಕೇಳುವಾಗ ಮಾಂಸ, ಮೊಟ್ಟೆ ಎರಡೂ ಬೇಡ ಎಂದು ಕೊರಿಯನ್ ಅಕ್ಷರದಲ್ಲಿ ಬರೆಸಿಕೊಂಡು ತೋರಿಸಿ.

ಸುವನ್_ವಾಸಿ

ಅಮ್ಮನವರಿಗೆ ದಾರಿ ಇದೆ: ಬೌದ್ಧ ಮಠದ ಊಟ. ಕೊರಿಯಾದ ಮಠಗಳಲ್ಲಿ ಮಾಂಸ, ಮೀನಿನ ಜೊತೆ ಐದು ಘಾಟು ಪದಾರ್ಥಗಳೂ ನಿಷಿದ್ಧ. ಈರುಳ್ಳಿ, ಬೆಳ್ಳುಳ್ಳಿ ಎರಡೂ ಅದರಲ್ಲಿವೆ. ಕಿಮ್ಚಿಯನ್ನೂ ಅವಿಲ್ಲದೆ ಹಾಕುತ್ತಾರೆ. ಸೋಲ್‌ನ ಜೊಗ್ಯೇಸಾ ದೇವಾಲಯದ ಸುತ್ತ ಇಂಥ ಊಟದ ಮನೆಗಳಿವೆ. ಮಠದಲ್ಲೇ ರಾತ್ರಿ ತಂಗುವ ವ್ಯವಸ್ಥೆ 2002ರ ವಿಶ್ವಕಪ್ ಫುಟ್‌ಬಾಲ್ ಕಾಲದಲ್ಲಿ ಶುರುವಾಯಿತು. ಬೆಳಗಿನ ಜಾವದ ಪ್ರಾರ್ಥನೆಗೆ ಏಳಬೇಕು, ಊಟ ನೆಲದ ಮೇಲೆ ಕುಳಿತು. ಮಂಡಿ ಒಪ್ಪುತ್ತದೆಯೇ ಎಂದು ಮೊದಲೇ ವಿಚಾರಿಸಿ, ಕೆಲವು ಕಡೆ ಕುರ್ಚಿ ಕೊಡುತ್ತಾರೆ.

ತಿಥಿವಾರ

ಆ ಐದರಲ್ಲಿ ಐದನೆಯದು ಇಂಗು.

ಉಪ್ಪಿಟ್ಟು_ವಿರೋಧಿ

ಏನು? ಇಂಗು ನಿಷಿದ್ಧವೇ? ಈರುಳ್ಳಿ ಬಿಟ್ಟವರಿಗೆ ಇರುವುದೇ ಅದೊಂದು ಆಸರೆ!

ತಿಥಿವಾರ

ಬೌದ್ಧ ಶಾಸ್ತ್ರದ ಪಟ್ಟಿಯಲ್ಲಿದೆ. ಕೊರಿಯಾದಲ್ಲಿ ಇಂಗು ಬೆಳೆಯುವುದೂ ಇಲ್ಲ, ಯಾರೂ ನೋಡಿಯೂ ಇಲ್ಲ, ನಿಷೇಧ ಮಾತ್ರ ಇದೆ. ಹೇಮಾವತಿ_ತೀರ ಅವರು ಪುಳಿಯೋಗರೆ ಗೊಜ್ಜನ್ನು ಮಠದೊಳಗೆ ಬಿಚ್ಚದಿದ್ದರೆ ಒಳ್ಳೆಯದು.

ಹೇಮಾವತಿ_ತೀರ

ಅಮ್ಮ ನಗುತ್ತಿದ್ದಾರೆ. ಸರಿ, ಹೀಗೆ ಯೋಚಿಸಿದ್ದೇವೆ: ಮೊದಲು ಸೋಲ್, ನಂತರ ಗಾಂಗ್‌ನಂಗ್, ಅಲ್ಲಿಂದ ಆಂದೋಂಗ್ ಮತ್ತು ಹಾಹ್ವೆ, ಕೊನೆಗೆ ಗ್ಯೋಂಗ್ಜು. ಜಾನಪದ ಮ್ಯೂಸಿಯಂ ಬೇರೆ ಇದೆಯಂತೆ, ಹೋಗಬೇಕೇ? ಯೋಂಗಿನ್ ಜಾನಪದ ಗ್ರಾಮ? ಹೆಂಡತಿಗೆ ಹಾನ್‌ಬೊಕ್ ತೊಡುವ ಆಸೆ ಇದೆ, ಬೈಯಬೇಡಿ.

ಕ್ಯಾಮೆರಾ_ಕಣ್ಣು

ಏಕೆ ಬೈಯಬೇಕು? ಹಾನ್‌ಬೊಕ್ ತೊಟ್ಟರೆ ಗ್ಯೋಂಗ್ಬೊಕ್‌ಗುಂಗ್ ಅರಮನೆಗೆ ಟಿಕೆಟ್ ಬೇಕಿಲ್ಲ. ಮಂಗಳವಾರ ಅರಮನೆಗೆ ರಜೆ, ಆ ದಿನ ಬಾಡಿಗೆಗೆ ತೆಗೆದುಕೊಂಡು ಪೇಚಾಡಬೇಡಿ. ಪಕ್ಕದ ಬುಕ್‌ಚೊನ್ ಓಣಿಗಳಿಗೆ ಹೋದರೆ ಸಂಜೆ 5ರೊಳಗೆ ಹೊರಬನ್ನಿ. ಅಲ್ಲಿ ಜನ ವಾಸವಾಗಿದ್ದಾರೆ. ಪ್ರವಾಸಿಗಳ ಕಾಟ ತಡೆಯಲಾರದೆ, ಗುರುತಿಸಿದ ಓಣಿಗಳಲ್ಲಿ ಸಂಜೆ 5ರಿಂದ ಬೆಳಿಗ್ಗೆ 10ರವರೆಗೆ ಸುತ್ತಾಡಿದರೆ 1,00,000 ವೊನ್ ದಂಡ ಎಂದು 2025ರಿಂದ ನಿಯಮ ಮಾಡಿದ್ದಾರೆ.

ಜಾನಪದ_ಜೋಳಿಗೆ

ರಾಷ್ಟ್ರೀಯ ಜಾನಪದ ಮ್ಯೂಸಿಯಂ ಅದೇ ಅರಮನೆಯ ಆವರಣದಲ್ಲಿದೆ, ಉಚಿತ, ಬೇರೆ ಬಾಗಿಲೂ ಇದೆ. ಮಂಗಳವಾರವೂ ತೆರೆದಿರುತ್ತದೆ. ಕಟ್ಟಡ ನೋಡಿ ಹೆದರಬೇಡಿ. ಬೊಪ್‌ಜೂಸಾ ಮಠದ ಐದಂತಸ್ತಿನ ಗೋಪುರ, ಬುಲ್‌ಗುಕ್ಸಾ ಮಠದ ಮೆಟ್ಟಿಲು ಎಲ್ಲವನ್ನೂ ಸಿಮೆಂಟಿನಲ್ಲಿ ಎರಕ ಹೊಯ್ದು ಒಂದರ ಮೇಲೊಂದು ಪೇರಿಸಿದ್ದಾರೆ. ಅಂಥ ಕುರೂಪವನ್ನು ನಾನು ಇನ್ನೆಲ್ಲೂ ನೋಡಿಲ್ಲ. ಒಳಗಿನದು ಮಾತ್ರ ಬಂಗಾರ. ಹುಟ್ಟಿನಿಂದ ಸಾವಿನವರೆಗೆ ಒಬ್ಬ ಕೊರಿಯನ್ನನ ಬದುಕನ್ನು ಹಂತಹಂತವಾಗಿ ಜೋಡಿಸಿದ ವಿಭಾಗವಿದೆ. ಮೊದಲ ಹುಟ್ಟುಹಬ್ಬಕ್ಕೆ ಮಗುವಿನ ಮುಂದೆ ನೂಲು, ಅಕ್ಕಿ, ಕುಂಚ, ಹಣ ಇಟ್ಟು ಯಾವುದನ್ನು ಹಿಡಿಯುತ್ತದೆ ಎಂದು ನೋಡುವ ಶಾಸ್ತ್ರದಿಂದ ಹಿಡಿದು ಹೆಣ ಹೊರುವ ಚಟ್ಟದವರೆಗೆ. ಚಟ್ಟದ ಮೇಲೆ ಬಣ್ಣದ ಮರದ ಗೊಂಬೆಗಳು, ಕ್ಕೊಕ್ದು. ಸತ್ತವರಿಗೆ ದಾರಿಯಲ್ಲಿ ಬೇಸರವಾಗದಿರಲಿ ಎಂದು ಅವುಗಳಲ್ಲಿ ಕಾವಲುಗಾರನೂ ಇದ್ದಾನೆ, ಲಾಗ ಹಾಕುವವನೂ ಇದ್ದಾನೆ.

ಯೋಂಗಿನ್ ಬಿಡಿ. 1974ರಲ್ಲಿ ಬೇರೆ ಬೇರೆ ಪ್ರಾಂತ್ಯದ ಮನೆಗಳನ್ನು ತಂದು ಕಟ್ಟಿದ ಊರು. ಹಗ್ಗದ ಮೇಲಿನ ನಡಿಗೆ ಚೆನ್ನಾಗಿರುತ್ತದೆ, ಆದರೆ ಧಾರಾವಾಹಿ ಚಿತ್ರೀಕರಣದ ಜಾಗ ಬೇಡ ಎಂದವರು ನೀವೇ. ದಕ್ಷಿಣಕ್ಕೆ ಹೋಗುವುದಾದರೆ ಸುನ್‌ಚೊನ್ ಬಳಿಯ ನಾಗಾನ್ ಕೋಟೆಯೂರಿನಲ್ಲಿ ಜನ ಇಂದಿಗೂ ಹುಲ್ಲಿನ ಮನೆಗಳಲ್ಲಿ ವಾಸವಿದ್ದಾರೆ.

ಕಡಲ_ಹಕ್ಕಿ

ಗಾಂಗ್‌ನಂಗ್‌ನಲ್ಲಿ ಓಜುಖೊನ್ ಮನೆಯನ್ನೂ ನೋಡಿ. ಚಿತ್ರಕಲಾವಿದೆ ಶಿನ್ ಸೈಮ್ದಾಂಗ್ ಮತ್ತು ಮಗ ಯೂಲ್ಗೊಕ್ ಇದ್ದ ಮನೆ. ತಾಯಿ 50,000 ವೊನ್ ನೋಟಿನಲ್ಲಿ, ಮಗ 5,000 ವೊನ್ ನೋಟಿನಲ್ಲಿ. ತಾಯಿಯ ಬೆಲೆ ಹತ್ತು ಪಟ್ಟು!

ಸುವನ್_ವಾಸಿ

ಗ್ಯೋಂಗ್ಜು ಮ್ಯೂಸಿಯಂನ ಅಂಗಳದಲ್ಲಿ ಸೊಂಗ್ದೊಕ್ ರಾಜನ ಗಂಟೆ ಇದೆ. 771ರದ್ದು, 18.9 ಟನ್ ತೂಕ. ಎರಕ ಹೊಂದಲಿಲ್ಲವೆಂದು ಮಗುವೊಂದನ್ನು ಕುದಿಯುವ ಲೋಹಕ್ಕೆ ಹಾಕಿದರು, ಅದರ ಅಳುವೇ ಗಂಟೆಯ ದನಿಯಲ್ಲಿದೆ ಎಂಬ ಕಥೆ ಕೇಳಿಸುತ್ತಾರೆ. ಲೋಹ ಪರೀಕ್ಷೆಯಲ್ಲಿ ಅಂಥದ್ದೇನೂ ಸಿಕ್ಕಿಲ್ಲ. ಈಗ ಗಂಟೆಯನ್ನು ಸಾಮಾನ್ಯವಾಗಿ ಬಾರಿಸುವುದಿಲ್ಲ, ಧ್ವನಿಮುದ್ರಣ ಹಾಕುತ್ತಾರೆ. ಆದರೂ ನಿಂತು ಕೇಳಿ, ದನಿ ಅಲೆ ಅಲೆಯಾಗಿ ಏರಿಳಿಯುತ್ತದೆ. ಸೊಕ್ಕುರಾಮ್ ಗುಹೆಯ ಬುದ್ಧನನ್ನು ಗಾಜಿನ ಹಿಂದಿನಿಂದ ನೋಡಬೇಕು, ಫೋಟೊ ತೆಗೆಯುವಂತಿಲ್ಲ, ಅಲ್ಲಿಗೆ ಸ್ವಲ್ಪ ನಡೆಯಬೇಕು.

ಜೂನ್ ಕೊನೆಗೆ ಮಳೆಗಾಲ ಹಿಡಿಯುತ್ತದೆ, ಕೊಡೆ ಇರಲಿ. ದಾರಿ ಹುಡುಕಲು ಗೂಗಲ್ ನಕ್ಷೆಯನ್ನು ನೆಚ್ಚಬೇಡಿ, ನೇವರ್ ನಕ್ಷೆ ಹಾಕಿಕೊಳ್ಳಿ. ಗಾಂಗ್‌ನಂಗ್‌ನಲ್ಲಿ ಹಬ್ಬದ ವಾರ ಕೋಣೆ ಸಿಗುವುದು ಕಷ್ಟ, ಇವತ್ತೇ ಕಾದಿರಿಸಿ.

ಹೇಮಾವತಿ_ತೀರ

ಕೋಣೆ ಕಾದಿರಿಸಿದೆ. ಟೂರ್ ಸಂಸ್ಥೆಗೆ ಬೇಡ ಎಂದು ತಿಳಿಸಿದೆ, ಅವರು ಕ್ರೀಮಿನ ಮಳಿಗೆಯ ರಿಯಾಯಿತಿ ಚೀಟಿ ಕಳಿಸಿದ್ದಾರೆ.

ಬಯಲುಸೀಮೆ_ಬಾಲೆ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಾನು ಹೋಗುವುದು ಫೆಬ್ರುವರಿಯಲ್ಲಿ, ಜೆಜು ದ್ವೀಪಕ್ಕೆ. ಕಡಲಿಗೆ ಮುಳುಗುವ ಹೆನ್ಯೊ ಹೆಂಗಸರಿಗೆ ಸಂಬಂಧಿಸಿದ ಹಬ್ಬ ಆಗ ಏನಾದರೂ ಇರುತ್ತದೆಯೇ?

ಜಾನಪದ_ಜೋಳಿಗೆ

ಯೊಂಗ್ದುಂಗ್ ಗುತ್ ಇದೆ. ಗುತ್ ಎಂದರೆ ಮುದಾಂಗ್‌ಗಳು ನಡೆಸುವ ಪೂಜೆ. ಗಾಳಿಯ ಅಜ್ಜಿದೇವತೆ ದ್ವೀಪಕ್ಕೆ ಬಂದು, ಕಡಲಲ್ಲಿ ಬೀಜ ಬಿತ್ತಿ ಹೋಗುತ್ತಾಳೆ ಎಂಬ ನಂಬಿಕೆ. ಎರಡನೆಯ ತಿಂಗಳ ಮೊದಲ ದಿನ ಸ್ವಾಗತ, ಹದಿನಾಲ್ಕಕ್ಕೆ ಬೀಳ್ಕೊಡುಗೆ. ಬೀಳ್ಕೊಡುಗೆಯೇ ದೊಡ್ಡದು, ಹೆನ್ಯೊ ಹೆಂಗಸರು ಎದ್ದು ಕುಣಿಯುವುದೂ ಅಂದೇ.

ತಿಥಿವಾರ

ಎರಡನೆಯ ಚಾಂದ್ರಮಾಸ ಎಂದರೆ ಫೆಬ್ರುವರಿ ಅಲ್ಲ, ಹೆಚ್ಚಾಗಿ ಮಾರ್ಚ್. ಟಿಕೆಟ್ ಇನ್ನೂ ತೆಗೆಸಿಲ್ಲದಿದ್ದರೆ ಮುಂದೂಡಿ. ಗಾಳಿ ತಡೆಯುವ ಕೋಟು ಒಯ್ಯಿರಿ, ಕೊಡೆ ಅಲ್ಲಿ ನಿಲ್ಲುವುದಿಲ್ಲ.